ಕ್ಲಬ್‌ಹೌಸಿನಲ್ಲಿ ಕಾಣೆಯಾದ ಡ್ರಮ್ಸ್

"ಡ್ರಮ್ಸ್ ಭಾಳ ಸಣ್ಣ ಕೇಳಸ್ತಾವ್ರೀ" ಎಂದು ಗುರುರಾಜ್ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಅಷ್ಟಕ್ಕೇ ಸುಮ್ಮನಾಗಿದ್ದರೆ ಮಹಾಲಕ್ಷ್ಮಿಗೂ ಬೇಸರವಾಗುತ್ತಿರಲಿಲ್ಲ. ಅವನು ಮುಂದುವರಿಸಿದ. "ಲಗ್ಗೆರಿ ಖೋಲ್ಯಾಗ ಕುಂತು ಬಾರಿಸಿದಂಗ ಐತಿ. ಥೇಟರ್‌ನ್ಯಾಗ ಕುಂತಂಗ, ಈ ಕಿವಿಯಿಂದ ಆ ಕಿವಿ ತನಕ ಹರಡಬೇಕು."

ಅವಳು ಕೂತು ಬಾರಿಸಿದ್ದು ಲಗ್ಗೆರೆಯ ಕೋಣೆಯಲ್ಲೇ. ಅವರ ತಾತನ ಕಾಲದ ಜಾಗದಲ್ಲಿ ಅಪ್ಪ ಕಟ್ಟಿಸಿದ ಮನೆ. ಕೆಳಗಡೆ ಲೇತ್ ಅಂಗಡಿಗೆ ಬಾಡಿಗೆ, ಮೇಲೆ ಅವಳೂ ಅವ್ವ ಪಿಳ್ಳಮ್ಮನೂ. ಹಿಂದಿನ ಕೋಣೆಯ ಗೋಡೆಗೆಲ್ಲ ಹಳೇ ಹಾಸಿಗೆ ಹೊಡೆದು, ಡ್ರಮ್ ಸೆಟ್ ಇಟ್ಟು, ಕಂಪ್ಯೂಟರ್ ಕೂರಿಸಿದ್ದಳು. ವಾರವೆಲ್ಲ ಪೀಣ್ಯದ ಪಂಪ್ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದ ಕೆಲಸ. ಲೇತ್ ನಿಂತ ಭಾನುವಾರ ಮಾತ್ರ ರೆಕಾರ್ಡಿಂಗು. ಗುರುರಾಜ್ ಹಾಡುಗಾರ, ಗಿಟಾರೂ ನುಡಿಸುವವನು, ಧಾರವಾಡ ಕಡೆಯವನು, ವೈಟ್‌ಫೀಲ್ಡಿನ ದೊಡ್ಡ ಅಪಾರ್ಟ್‌ಮೆಂಟಿನಲ್ಲಿದ್ದ. ಬೇಸ್ ಗಿಟಾರು ಹಿಡಿಯುವ ಮನು ಬೊಮ್ಮಸಂದ್ರದಿಂದ ಬೈಕಿನಲ್ಲಿ ಬರುತ್ತಿದ್ದ. ಮೂವರೂ ಸೇರಿ ಮಾಡಿದ ಮೊದಲ ಸ್ವಂತ ಹಾಡು ಅದು. ಗುರುರಾಜನ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದಲ್ಲಿ ಅದನ್ನು ಹಾಡಬೇಕೆಂದಿತ್ತು. ಕ್ಲಬ್‌ಹೌಸಿನಲ್ಲಿ ಡ್ರಮ್ ಸೆಟ್ ಬೇಡವೆಂದು ಅಲ್ಲಿಯ ಸಮಿತಿ ಹೇಳಿದ್ದರಿಂದ, ರೆಕಾರ್ಡ್ ಆದ ಟ್ರ್ಯಾಕ್ ಹಾಕಿಕೊಂಡು ಗುರುರಾಜ್ ಅದರ ಮೇಲೆ ಹಾಡುವುದೆಂದು ಮಾತಾಗಿತ್ತು.

"ಅಗಲ ಮಾಡ್ಬೋದು" ಎಂದಳು ಮಹಾಲಕ್ಷ್ಮಿ, ಸಿಟ್ಟು ನುಂಗಿಕೊಂಡು. "ಡ್ರಮ್ಸ್ ಮೇಲಿನ ಎರಡು ಮೈಕು ತುಂಬ ಹತ್ರ ಇಟ್ಬಿಟ್ಟಿದ್ದೆ. ಭಾನುವಾರ ದೂರ ದೂರ ಇಟ್ಟು ಇನ್ನೊಂದು ಸಲ ಬಾರಿಸ್ತೀನಿ. ಅಲ್ಲೀವರ್ಗೂ ಕಾಯ್ರಿ."

"ಅಷ್ಟು ಟೈಮ್ ಎಲ್ಲೈತ್ರೀ? ಈಗಿನ ಫೈಲ್ ಕೊಡ್ರಿ, ನನ್ನ ಕಡೆ ಇರಲಿ" ಎಂದು ಅವನು ಕೇಳಿದ. ಬಿಡಿಬಿಡಿ ಟ್ರ್ಯಾಕುಗಳನ್ನು ಅವಳು ಪೆನ್ ಡ್ರೈವಿಗೆ ಹಾಕಿ ಕೊಟ್ಟಳು. ಕೈಹಾಕಬೇಡಿ ಎಂದು ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಇನ್ನೊಬ್ಬರು ಬಾರಿಸಿದ್ದಕ್ಕೆ ಕೇಳದೆ ಕೈಹಾಕುವ ಜನ ಇರುತ್ತಾರೆಂದು ಅವಳು ಅಂದುಕೊಂಡೇ ಇರಲಿಲ್ಲ.

ಭಾನುವಾರ ಬರುವ ಮೊದಲೇ ಗುರುರಾಜ್ ಫೋನ್ ಮಾಡಿದ. ಟ್ರ್ಯಾಕ್ ಸಮಿತಿಗೆ ಕಳಿಸಿಯಾಗಿದೆ, ಇನ್ನು ರೆಕಾರ್ಡಿಂಗ್ ಬೇಡ ಎಂದ. "ನಾನೇ ಸ್ವಲ್ಪ ದೊಡ್ಡದು ಮಾಡೀನಿ. ಕೇಳಿದ್ರ ದಂಗಾಗ್ತೀರಿ ನೀವು." ಕಳಿಸಿ, ಕೇಳುತ್ತೇನೆ ಎಂದಳು. ಅಲ್ಲೇ ಕೇಳುವಿರಂತೆ ಎಂದು ನಕ್ಕ.

ರಾಜ್ಯೋತ್ಸವದ ಸಂಜೆ ಅವ್ವನನ್ನು ಕರೆದುಕೊಂಡು ಮಹಾಲಕ್ಷ್ಮಿ ಊರಿನ ಈ ತುದಿಯಿಂದ ಆ ತುದಿಗೆ ಹೋದಳು. ಪಿಳ್ಳಮ್ಮ ಮದುವೆ ಮನೆಗೆ ಹೊರಟ ಹಾಗೆ ರೇಷ್ಮೆ ಸೀರೆ ಉಟ್ಟಿದ್ದಳು. ಮಗಳು ಇಷ್ಟು ವರ್ಷ ಗೋಡೆಯಾಚೆ ಬಡಿದಿದ್ದನ್ನು ನಾಲ್ಕು ಜನರ ನಡುವೆ ಕೂತು ಕೇಳುವ ಆಸೆ ಅವಳಿಗೆ.

ಗುರುರಾಜ್ ವೇದಿಕೆ ಹತ್ತಿದ. ಟ್ರ್ಯಾಕ್ ಶುರುವಾಯಿತು. ಗಿಟಾರು ಬಂತು, ಮನುವಿನ ಬೇಸ್ ಬಂತು, ಹಾಡು ಎದ್ದಿತು. ಡ್ರಮ್ಸ್ ಮಾತ್ರ ಬರಲಿಲ್ಲ. ಎಲ್ಲೋ ದೂರದಲ್ಲಿ ಯಾರೋ ಅಕ್ಕಿ ಕೇರಿದಂತೆ ಸಣ್ಣಗೆ ಸರಬರ, ಅಷ್ಟೇ. ಚಪ್ಪಾಳೆ ತಟ್ಟಲು ಹೊರಟ ಮುಂದಿನ ಸಾಲಿನ ಮಕ್ಕಳು ಲಯ ಸಿಗದೆ ಕೈ ಬಿಟ್ಟರು. ಗುರುರಾಜನೂ ಎರಡು ಕಡೆ ತಪ್ಪಿದ.

"ಎಲ್ಲವ್ವಾ ಓಯ್ತು ನೀನ್ ಬಾರ್ಸಿದ್ದು?" ಎಂದು ಪಿಳ್ಳಮ್ಮ ಮಗಳ ಕಿವಿಯಲ್ಲಿ ಕೇಳಿದಳು.

ಏನಾಗಿದೆಯೆಂದು ಮಹಾಲಕ್ಷ್ಮಿಗೆ ಆಗಲೇ ಗೊತ್ತಾಗಿತ್ತು. ಒಂದೇ ಪೆಟ್ಟನ್ನು ನಕಲು ಮಾಡಿ ಎಡಕ್ಕೊಂದು ಬಲಕ್ಕೊಂದು ಇಟ್ಟು, ಒಂದರ ಅಲೆಯನ್ನು ತಲೆಕೆಳಗು ಮಾಡಿದರೆ ಹೆಡ್‌ಫೋನಿನಲ್ಲಿ ಅದು ಭಾರೀ ಅಗಲವಾಗಿ ಕೇಳುತ್ತದೆ. ಆದರೆ ಇಂಥ ಸಭೆಗಳಲ್ಲಿ ಎಡ ಬಲ ಎರಡನ್ನೂ ಕೂಡಿಸಿ ಎಲ್ಲ ಸ್ಪೀಕರಿಗೂ ಒಂದೇ ಶಬ್ದ ಕೊಡುತ್ತಾರೆ. ಕೂಡಿಸಿದ ಕೂಡಲೇ ಒಂದು ಇನ್ನೊಂದನ್ನು ಅಳಿಸಿಹಾಕುತ್ತದೆ. ಎಷ್ಟೋ ಭಾನುವಾರ ಬೆವರು ಹರಿಸಿ ಬಾರಿಸಿದ್ದನ್ನು ಅವನು ಕೂತಲ್ಲೇ ಸೊನ್ನೆ ಮಾಡಿದ್ದ.

ಇಷ್ಟಾದರೂ ಅವಳು ಸುಮ್ಮನಿರುತ್ತಿದ್ದಳೇನೋ. ಹಾಡು ಮುಗಿದ ಮೇಲೆ ಗುರುರಾಜ್ ಮೈಕಿನಲ್ಲೇ ನಕ್ಕು ಹೇಳಿದ: "ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ. ಡ್ರಮ್ಸ್ ನಮ್ಮ ಡ್ರಮ್ಮರ್ ಮನ್ಯಾಗ ರೆಕಾರ್ಡ್ ಮಾಡಿದ್ದು. ಕ್ವಾಲಿಟಿ ಅಷ್ಟಕ್ಕಷ್ಟ."

ಜನ ನಕ್ಕರು. ಪಿಳ್ಳಮ್ಮನೂ ಏನೆಂದು ತಿಳಿಯದೆ ಸುತ್ತಲಿನವರ ಮುಖ ನೋಡಿ ಸ್ವಲ್ಪ ನಕ್ಕಳು. ಅದನ್ನು ಕಂಡು ಮಹಾಲಕ್ಷ್ಮಿಯ ಸಿಟ್ಟು ನೆತ್ತಿಗೇರಿತು.

ಅವಳು ನೇರ ಸೌಂಡಿನವನ ಮೇಜಿಗೆ ಹೋದಳು. "ಅಣ್ಣ, ಆ ಹಾಡು ಇನ್ನೊಂದ್ಸಲ ಹಾಕಿ. ಎಡಗಡೆದು ಒಂದೇ ಬಿಡಿ, ಬಲಗಡೆದು ಪೂರ್ತಿ ಇಳಿಸ್ಬಿಡಿ." ಅವನು ಅವಳ ಮುಖ ನೋಡಿ, ಮರುಮಾತಿಲ್ಲದೆ ಹಾಗೇ ಮಾಡಿದ. ಧಡ್ ಎಂದು ಡ್ರಮ್ಸ್ ಎದ್ದು ಬಂತು. ತಟ್ಟೆ ಹಿಡಿದು ತಿಂಡಿ ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು.

ಗುರುರಾಜ್ ಓಡಿ ಬಂದ. "ಏನ್ ಮಾಡಾಕತ್ತೀರಿ ಮಹಾಲಕ್ಷ್ಮಿ? ಎಲ್ಲಾರೂ ನೋಡಾಕತ್ತಾರ."

"ನೋಡ್ಲಿ. ನನ್ ಡ್ರಮ್ಸ್ ಸರಿಯಾಗೇ ಇತ್ತು. ಕೊಂದಿದ್ದು ನೀವು. ಮೈಕಲ್ಲಿ ಹೇಳಿದ್ರಲ್ಲ, ಇದನ್ನೂ ಮೈಕಲ್ಲೇ ಹೇಳಿ."

"ಸಣ್ಣ ವಿಷಯಕ್ಕ ಇಷ್ಟ್ಯಾಕ ಸಿಟ್ಟು ಮಾಡ್ಕೋತೀರಿ? ಇಲ್ಲಿ ಇದೆಲ್ಲ ಯಾರಿಗೆ ತಿಳೀತದ?"

"ನಮ್ಮವ್ವಂಗೆ ತಿಳೀತು. ಎಲ್ಲಿ ಹೋಯ್ತು ಅಂತ ಕೇಳಿದ್ಲು. ನಾನೇನು ಹೇಳ್ಲಿ ಅವಳಿಗೆ?"

ಗುರುರಾಜ್ ಅತ್ತಿತ್ತ ನೋಡಿದ. ಮೈಕು ಅವನ ಕೈಯಲ್ಲೇ ಇತ್ತು. ಅದನ್ನು ಸೌಂಡಿನವನ ಮೇಜಿನ ಮೇಲಿಟ್ಟು, ಸಮಿತಿಯವರು ಕರೆಯುತ್ತಿದ್ದಾರೆಂದು ಹೊರಟೇಹೋದ. ಹಾಡು ಕೇಳಲು ಬಂದು ಪಕ್ಕದಲ್ಲಿ ನಿಂತಿದ್ದ ಮನು "ಅಕ್ಕ, ಬಿಡಿ, ಹೋಗೋಣ" ಎಂದ. ಅವಳು ಅವನ ಮೇಲೂ ರೇಗಿದಳು. "ಅವನು ಮೈಕಲ್ಲಿ ಅಂದಾಗ ನಿನ್ ಬಾಯಿ ಎಲ್ಲಿತ್ತೋ?"

ಮುಂದಿನ ಭಾನುವಾರ ಅವಳು ಒಬ್ಬಳೇ ಕೂತಳು. ಕೋಣೆಯ ಬಾಗಿಲು ತೆಗೆದು, ಒಂದು ಮೈಕನ್ನು ಹಜಾರದ ಎಡ ಮೂಲೆಗೆ, ಇನ್ನೊಂದನ್ನು ಬಲ ಮೂಲೆಗೆ ಇಟ್ಟಳು. ದೊಡ್ಡ ಡ್ರಮ್ಮೂ ಸ್ನೇರ್ ಎಂಬ ಚಿಕ್ಕ ಡ್ರಮ್ಮೂ ನಟ್ಟನಡುವೆ ಗಟ್ಟಿಯಾಗಿ ನಿಲ್ಲಬೇಕು, ತಾಳದ ತಟ್ಟೆಗಳು ಎರಡೂ ಕಡೆ ಹರಡಬೇಕು. ನಕಲು ಮಾಡದೆ, ಒಂದೇ ಹಾಡನ್ನು ಮತ್ತೆ ಮೊದಲಿನಿಂದ ಎರಡನೇ ಸಲ ಬಾರಿಸಿ ಕೆಲವು ಪೆಟ್ಟುಗಳನ್ನು ಇನ್ನೊಂದು ಬದಿಗೆ ಸೇರಿಸಿದಳು. ಮನುಷ್ಯರ ಕೈ ಎರಡು ಸಲ ಒಂದೇ ಥರ ಬೀಳುವುದಿಲ್ಲ. ಆ ಒಂದಿಷ್ಟು ವ್ಯತ್ಯಾಸವೇ ಅಗಲ. ಸಿಟ್ಟಿನಲ್ಲಿ ಒಂದು ಕೋಲು ಮುರಿಯಿತು. ಬೇರೆ ಕೋಲು ತೆಗೆದುಕೊಂಡಳು. ಆಮೇಲೆ ಎಡ ಬಲ ಕೂಡಿಸಿ ಅಡುಗೆಮನೆಯ ಚಿಕ್ಕ ಸ್ಪೀಕರಿನಲ್ಲಿ ಹಾಕಿದಳು. ಒಂದು ಪೆಟ್ಟೂ ಕಾಣೆಯಾಗಿರಲಿಲ್ಲ.

ಅವಳು ಕಳಿಸಿದ್ದನ್ನು ಮನು ಫೋನಿನಲ್ಲಿ ಕೇಳಿ ಗುರುರಾಜನಿಗೂ ಕೇಳಿಸಿದ. ಎರಡು ದಿನದಲ್ಲಿ ಗುರುರಾಜ್ ಲಗ್ಗೆರೆಗೆ ಬಂದ, ಸ್ವೀಟ್ ಡಬ್ಬಿ ಹಿಡಿದು. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದ.

"ಇದ ನೋಡ್ರಿ, ನಾ ಕೇಳಿದ್ದು ಇದ! ಫೈಲ್ ಕೊಡ್ರಿ, ಈ ವಾರನ ಹಾಡು ರಿಲೀಸ್ ಮಾಡೋಣ."

"ಮೊದ್ಲು ನಿಮ್ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಹಾಕಿ. ಅವತ್ತು ಡ್ರಮ್ಸ್ ಕೆಡಿಸಿದ್ದು ನೀವು ಅಂತ. ನನ್ ಹೆಸರು ಹಾಕಿ ಬರೀರಿ."

ಗುರುರಾಜ್ ಫೋನ್ ತೆಗೆದ, ಏನೋ ಬರೆದ, ಅಳಿಸಿದ. "ಟೆಕ್ನಿಕಲ್ ತೊಂದರೆ ಆತು ಅಂತ ಹಾಕ್ಲಾ?"

"ಬೇಡ. ಏಳ್ರಿ."

"ಒಂದು ಮಾತಿಗೆ ಬ್ಯಾಂಡ್ ಮುರೀತೀರೇನು?"

"ಹೌದು. ನೀವು ಆಡಿದ್ದೂ ಒಂದೇ ಮಾತು. ನಮ್ಮವ್ವನ ಎದುರಿಗೆ ಆಡಿದ್ರಿ."

ಅವನು ಎದ್ದ. ಪಿಳ್ಳಮ್ಮ ಕಾಫಿ ಹಿಡಿದು ಬಂದವಳು ಇಬ್ಬರ ಮುಖ ನೋಡಿ ಬಾಗಿಲಲ್ಲೇ ನಿಂತಳು. ಗುರುರಾಜ್ ಕಾಫಿ ಮುಟ್ಟದೆ ಮೆಟ್ಟಿಲಿಳಿದ. ಅವನ ಡಬ್ಬಿಯನ್ನು ಮಹಾಲಕ್ಷ್ಮಿ ಕೆಳಗಿನವರೆಗೂ ಹೋಗಿ, ಕಾರಿನ ಕಿಟಕಿಯೊಳಗೆ ಇಟ್ಟು ಬಂದಳು.

ಮೇಲೆ ಬಂದು ಅವ್ವನ ಕೈಯಿಂದ ಆ ಕಾಫಿ ಇಸಿದುಕೊಂಡು, ನಿಂತೇ ಕುಡಿದಳು.

"ಹಾಡಕ್ಕೆ ಬೇರೆ ಯಾರನ್ನ ಕರೀತೀಯವ್ವಾ?" ಎಂದಳು ಪಿಳ್ಳಮ್ಮ.

"ಗೊತ್ತಿಲ್ಲ ಕಣವ್ವಾ. ಹುಡುಕ್ತೀನಿ" ಎಂದು ಮಹಾಲಕ್ಷ್ಮಿ ಮನುವಿಗೆ ಫೋನ್ ಮಾಡಿದಳು. ಬರುವ ಭಾನುವಾರ ಗಿಟಾರು ತಾ, ಬಾಯಿಯನ್ನೂ ತಾ ಎಂದಳು.