ತೂತಿನ ಟೇಬಲ್ಲು

ಕಲ್ಲು ಮರಗಳು ಮಾತಾಡುತ್ತಿದ್ದ ಕಾಲವೇನಲ್ಲ. ಕಂಪ್ಯೂಟರುಗಳ ಬೆನ್ನಿಗೆ ಇನ್ನೂ ಗೂನು ಇದ್ದ ಕಾಲ. ಆಗ ಒಬ್ಬ ಬಡಗಿ ಇದ್ದ. ಬಡಗಿಗೆ ಒಬ್ಬ ಮಗಳು, ಒಬ್ಬ ಮಗ. ಮಗಳ ಎಡಗಾಲು ಹುಟ್ಟಿನಿಂದಲೇ ಗಿಡ್ಡ. ಯಾವ ಹೊಲಿಗೆ ಮೆಷಿನ್ನಿನ ಪೆಡಲೂ ಆ ಕಾಲಿಗೆ ಎಟುಕದು. ಅಂಗಡಿ ಅಂಗಡಿ ಸುತ್ತಿ ಸಾಕಾಗಿ ಬಡಗಿ ತಾನೇ ಒಂದು ಟೇಬಲ್ಲು ಮಾಡಿದ. ನಡುವೆ ಮೆಷಿನ್ನು ಕೂರಲು ತೂತು ಕೊರೆದ, ಕೆಳಗೆ ಪೆಡಲಿನ ಎಡಭಾಗವನ್ನು ಎತ್ತರಿಸಿ ಹಲಗೆ ಬಡಿದ. ಮಗಳು ಕೂತು ತುಳಿದಳು. ಟೇಬಲ್ಲು ಅವಳ ಮಾತು ಕೇಳಿತು. ಅವತ್ತಿನಿಂದ ಆ ಮನೆಯ ಒಲೆ ಉರಿದದ್ದೂ ತಮ್ಮ ಓದಿದ್ದೂ ಅದರ ದಯೆಯಿಂದಲೇ.

ಒಂದು ದಿನ ತಮ್ಮ ಬಂದ. ನಿದ್ದೆ ಕಾಣದ ಕೆಂಪು ಕಣ್ಣು. ದೆವ್ವ ಹೊಕ್ಕ ಹಾಗೆ ಅವನ ತಲೆಗೆ ಒಂದು ಪ್ರೋಗ್ರಾಂ ಹೊಕ್ಕಿತ್ತು.

“ಅಕ್ಕ, ರೂಮಲ್ಲಿ ಕಂಪ್ಯೂಟರ್ ಇಡೋಕೆ ಟೇಬಲ್ ಇಲ್ಲ. ಇದನ್ನ ಒಯ್ತೀನಿ. ಕೆಲಸ ಮುಗೀಲಿ, ನಾನೇ ತಲೆ ಮೇಲೆ ಹೊತ್ಕೊಂಡು ಬಂದು ಇದೇ ಜಾಗದಲ್ಲಿ ಇಡ್ತೀನಿ.”

“ತಲೆ ಮೇಲೇನಾ?” ಅಕ್ಕ ನಕ್ಕಳು.

“ತಲೆ ಮೇಲೇ. ನಿನ್ನಾಣೆ.”

ಮೆಷಿನ್ನನ್ನು ನೆಲದ ಮೇಲಿಟ್ಟು ಹೋದವನು ತಿರುಗಿ ನೋಡಲಿಲ್ಲ. ಪ್ರೋಗ್ರಾಂ ಮುಗಿಯಿತು, ಕಂಪನಿ ಹುಟ್ಟಿತು, ಕಂಪನಿಗೆ ಗಾಜಿನ ಕಟ್ಟಡ ಎದ್ದಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ. ಅಕ್ಕ ಮೆಷಿನ್ನಿಗೆ ಕೈಯಲ್ಲಿ ತಿರುಗಿಸುವ ಹಿಡಿ ಹಾಕಿಸಿ, ಪೆಟ್ಟಿಗೆಯ ಮೇಲಿಟ್ಟು, ಬಲಗೈಯಲ್ಲಿ ತಿರುಗಿಸುತ್ತ ಎಡಗೈಯಲ್ಲಿ ಬಟ್ಟೆ ಸರಿಸುತ್ತ ಹೊಲಿದಳು. ಕೂದಲು ನರೆಯಿತು, ಬಲಭುಜ ಜೋತುಬಿತ್ತು. ಈಗ ಆ ಕೈ ಜಡೆ ಹಾಕಿಕೊಳ್ಳಲೂ ಮೇಲೇಳದು.

“ಕಾಲಲ್ಲಿ ತುಳಿಯೋದಾದ್ರೆ ಹೊಲೀರಿ,” ಎಂದಿದ್ದಳು ಡಾಕ್ಟರಮ್ಮ. “ಕೈಯಲ್ಲೇ ಅಂದ್ರೆ ಇವತ್ತಿಗೇ ಬಿಟ್ಬಿಡಿ.”

ಹೊಲಿಗೆ ಬಿಟ್ಟರೆ ಅವಳ ದಿನಕ್ಕೆ ಬೇರೆ ಹೆಸರೇ ಇರಲಿಲ್ಲ. ತಮ್ಮನಿಗೆ ಫೋನು ಮಾಡಿದಳು. “ಆಫೀಸಿಗೇ ಬಾ ಅಕ್ಕ, ನನ್ನ ಭಾಷಣ ಇದೆ, ಮುಂದಿನ ಸಾಲಲ್ಲಿ ಕೂತ್ಕೋ, ಆಮೇಲೆ ಮಾತಾಡೋಣ,” ಎಂದ.

ಹೋದಳು. ಒಳಗೆ ಕೃತಕ ಹೂವಿನ ವಾಸನೆ ಗಂಟಲಿಗೆ ಮೆತ್ತಿಕೊಂಡಿತು. ಕಾರ್ಪೆಟ್ಟು ಹಸುವಿನ ನಾಲಿಗೆಯ ಹಾಗೆ ಮೆತ್ತಗೆ. ಬಾಗಿಲಲ್ಲೇ, ಗಾಜಿನ ಗೂಡಿನೊಳಗೆ, ದೀಪಗಳ ನಡುವೆ, ಅವಳ ಟೇಬಲ್ಲು. ಕರೆದೊಯ್ಯಲು ಬಂದ ಹುಡುಗಿ ದನಿ ತಗ್ಗಿಸಿ ವಿವರಿಸಿದಳು.

“ಮೇಡಂ, ಈ ತೂತನ್ನ ಸರ್ ವೈರ್ ಎಳೆಯೋಕೆ ತಾವೇ ಕೊರೆದಿದ್ದು. ಕೆಳಗೆ ಎತ್ತರದ ಹಲಗೆ ಇದೆಯಲ್ಲ, ನಿದ್ದೆ ಬಾರದ ಹಾಗೆ ಅಲ್ಲಿ ಕಾಲು ಇಟ್ಕೊಂಡು ಕೂರ್ತಿದ್ರಂತೆ.”

ಮುಂದೆ ಹೋದರೆ ಸಾಲು ಸಾಲು ಹೊಸ ಟೇಬಲ್ಲುಗಳು. ಪ್ರತಿಯೊಂದರ ನಡುವೆಯೂ ಅದೇ ಅಳತೆಯ ತೂತು. ಒಬ್ಬನ ತೊಡೆಯ ಮೇಲೆ ಬಿಸ್ಕತ್ತಿನ ಪುಡಿ ಉದುರುತ್ತಿತ್ತು. ಇನ್ನೊಬ್ಬಳು ಬಿದ್ದ ಪೆನ್ನಿಗಾಗಿ ಮಂಡಿಯೂರಿ ತಡಕಾಡುತ್ತಿದ್ದಳು.

“ಇದ್ಯಾಕಮ್ಮ ಹೀಗೆ?”

“ಸರ್ ತರಾನೇ ಯೋಚನೆ ಬರ್ಲಿ ಅಂತ. ಮೊನ್ನೆ ನನ್ನ ಫೋನು ಬಿದ್ದು ಒಡೀತು. ಆದ್ರೂ ನಮ್ಮ ಕಲ್ಚರ್ ಮೇಡಂ.”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಎಂದುಕೊಂಡಳು ಅಕ್ಕ.

ವೇದಿಕೆಯ ಹಿಂದಿನ ಕೋಣೆಯಲ್ಲಿ ತಮ್ಮನ ಮುಖಕ್ಕೆ ಯಾರೋ ಪೌಡರು ಹಚ್ಚುತ್ತಿದ್ದರು. ಅಕ್ಕ ಮೇಲೇಳದ ಕೈ ತೋರಿಸಿ ಟೇಬಲ್ಲನ್ನು ವಾಪಸು ಕೇಳಿದಳು. ಅವನು ಕನ್ನಡಿಯಿಂದ ಕಣ್ಣು ಕೀಳಲಿಲ್ಲ.

“ಅದೀಗ ಟೇಬಲ್ ಅಲ್ಲ ಅಕ್ಕ, ಕಥೆ. ಕಥೇನ ಮನೆಗೆ ಹೊತ್ಕೊಂಡು ಹೋಗೋಕಾಗುತ್ತಾ? ಕರೆಂಟಿನ ಮೆಷಿನ್ ಕಳಿಸ್ತೀನಿ ಬಿಡು.”

“ಅಪ್ಪ ನನ್ನ ಕಾಲಿಗೆ ಅಂತ ಮಾಡಿದ್ದು ಕಣೋ.”

“ಅಪ್ಪನ ಹಾಗೇ ಮಾತಾಡ್ತೀಯ. ಸಣ್ಣದಾಗಿ ಯೋಚಿಸೋದು ನಮ್ಮ ಮನೆ ರೋಗ.”

ಭಾಷಣ ಶುರುವಾಯಿತು. ‘ನನ್ನ ಬದುಕಿನ ಪಾಠಗಳು’ ಎಂದು ಪರದೆಯ ಮೇಲೆ ಆಳೆತ್ತರದ ಅಕ್ಷರ. ಕೇಳುತ್ತ ನಿಲ್ಲಬೇಡಿ, ಬೇಕಾದ್ದನ್ನು ಎತ್ತಿಕೊಳ್ಳಿ. ಹಿಂದಕ್ಕೆಳೆಯುವವರು ರಕ್ತಸಂಬಂಧಿಗಳಾದರೂ ಕತ್ತರಿಸಿ. ಪಾಠಕ್ಕೊಂದು ಚಪ್ಪಾಳೆ. ಆಮೇಲೆ ಅವನು ದನಿ ನಡುಗಿಸಿದ. “ನನ್ನ ತಂದೆ ತೀರಿಹೋದ ದಿನವೂ ನಾನು ಸೀಟು ಬಿಟ್ಟು ಏಳಲಿಲ್ಲ. ದುಃಖ ಕಾಯುತ್ತೆ. ಮಾರ್ಕೆಟ್ ಕಾಯಲ್ಲ.” ಈ ಸಲ ಜನ ಎದ್ದು ನಿಂತೇ ತಟ್ಟಿದರು.

ಆ ದಿನ ಅಕ್ಕ ತಮ್ಮನ ದಾರಿ ಕಾಯುತ್ತ ಹೊಸ್ತಿಲಲ್ಲಿ ಕೂತು ಸಂಜೆಯವರೆಗೆ ಬೀದಿಯನ್ನೇ ನೋಡಿದ್ದಳು. ಅದಕ್ಕೂ ಒಂದು ನಂಬರು ಹಚ್ಚಿ ಪಾಠ ಮಾಡಿಟ್ಟಿದ್ದ. ಬಾಯಿಗೆ ಹುಳಿನೀರು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳು ಅಂದುಕೊಂಡು ಕ್ಯಾಮೆರಾದವನು ಹತ್ತಿರ ಬಂದ. ಯಾರೋ ಮೈಕು ಕೊಟ್ಟರು. “ನನ್ನ ಅಕ್ಕ ಎರಡು ಮಾತಾಡಲಿ,” ಎಂದ ತಮ್ಮ ಮೇಲಿನಿಂದ.

ಅಕ್ಕ ಎದ್ದಳು.

“ಬಾಗಿಲಲ್ಲಿರೋ ಟೇಬಲ್ಲು ನಂದು. ತೂತು ಕೊರೆದಿದ್ದು ನಮ್ಮಪ್ಪ, ಹೊಲಿಗೆ ಮೆಷಿನ್ ಕೂರಿಸೋಕೆ. ಇವನು ಕೇಳಿ ಒಯ್ದ. ಕೆಲಸ ಮುಗಿದ್ಮೇಲೆ ತಲೆ ಮೇಲೆ ಹೊತ್ತು ತರ್ತೀನಿ ಅಂದಿದ್ದ. ಕೆಲಸ ಮುಗಿದಿದ್ರೆ ತರಲಿ. ನಂಗೆ ಹೊಲಿಯೋದಿದೆ.”

ತಮ್ಮನ ಪೌಡರಿನಡಿ ಕೆಂಪು ಏರಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಇದೂ ಭಾಷಣದ ಭಾಗ ಅಂದುಕೊಂಡು ಎಲ್ಲರೂ ತಟ್ಟಿದರು. ಫೋನುಗಳು ಮೇಲೆದ್ದವು. ಅಕ್ಕನಿಗೆ ಇಲ್ಲ ಎನ್ನಬಲ್ಲವನು ಚಪ್ಪಾಳೆಗೆ ಇಲ್ಲ ಎನ್ನಲಾರ. ಎದೆಯ ಮೇಲೆ ಕೈಯಿಟ್ಟ.

“ಕೊನೇ ಪಾಠ,” ಎಂದ. “ಕೊಟ್ಟ ಮಾತು.”

ಥೂ, ಎಂದಳು ಅಕ್ಕ. ಮೈಕು ಆಗಲೇ ಬೇರೆ ಕೈಗೆ ಹೋಗಿತ್ತು.

ಗಾಜಿನ ಗೂಡು ತೆರೆಯಿತು. ಟೇಬಲ್ಲು ತಮ್ಮನ ತಲೆಯೇರಿತು. ಅಕ್ಕ ಮುಂದೆ, ಅವನು ಹಿಂದೆ, ಅವನ ಹಿಂದೆ ಫೋನು ಹಿಡಿದ ಹಿಂಡು. ಬೀದಿಯ ತಿರುವಿನಲ್ಲಿ ಅವನು ಹಲ್ಲುಕಚ್ಚಿ ಪಿಸುಗುಟ್ಟಿದ. “ವಿಡಿಯೋ ಸಾಕು. ಕಾರಿಗೆ ಹಾಕಿಸ್ತೀನಿ.”

“ಸರಿ, ಮೈಕಲ್ಲಿ ಹೇಳಿದ್ದನ್ನ ಬೀದೀಲೂ ಹೇಳ್ತೀನಿ,” ಎಂದಳು ಅಕ್ಕ, ಹಿಂತಿರುಗದೆ.

ಅವನು ನಡೆದ. ಬೆವರಿಗೆ ಕೂದಲಿನ ಕಪ್ಪು ಬಣ್ಣ ಕರಗಿ ಕುತ್ತಿಗೆಗುಂಟ ಇಳಿದು ಬಿಳಿ ಅಂಗಿಗೆ ಹತ್ತಿತು. ಮೆಟ್ಟಿಲು ಹತ್ತಿ, ಕಿಟಕಿಯ ಪಕ್ಕ, ಅದೇ ಜಾಗದಲ್ಲಿ ಇಳಿಸಿದ.

“ಕ್ಯಾಮೆರಾ ನೋಡಿ ಒಂದು ಮಾತು ಹೇಳು ಅಕ್ಕ. ಖುಷಿಯಾಯ್ತು ಅಂತ.”

“ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗು.”

ಅವರ ಸದ್ದು ಬೀದಿಗಿಳಿಯಿತು. ಅಕ್ಕ ಒದ್ದೆ ಬಟ್ಟೆ ತಂದು, ಅವನ ತಲೆ ತಾಗಿದ ಜಾಗದ ಕಪ್ಪು ಬಣ್ಣವನ್ನು ತಿಕ್ಕಿ ತಿಕ್ಕಿ ಒರೆಸಿದಳು. ಆ ಬಟ್ಟೆಯನ್ನು ಒಗೆಯಲು ಮನಸ್ಸಾಗದೆ ಕಸದ ಬುಟ್ಟಿಗೆ ಹಾಕಿದಳು. ಮೆಷಿನ್ನನ್ನು ಎಡಗೈಯಿಂದ ತಬ್ಬಿ ಎತ್ತಿ ತೂತಿಗೆ ಇಳಿಸಿದಳು. ಟಕ್ ಎಂದು ಕೂತಿತು. ಬೆಲ್ಟು ಹಾಕಿ, ಗಿಡ್ಡ ಕಾಲನ್ನು ಎತ್ತರದ ಹಲಗೆಯ ಮೇಲಿಟ್ಟು ತುಳಿದಳು. ಚಕ್ರ ತಿರುಗಿತು.