ತಾಡಪತ್ರಿ ಹೊದ್ದ ಜಾರುಬಂಡಿ

ದಸರೆ ಮುಗಿದ ವಾರ ನಮ್ಮ ಪಾಂಗರವಾಡಿಯ ಅಂಗನವಾಡಿಗೆ ಜಾರುಬಂಡಿ ಬಂತು. ಟ್ರ್ಯಾಕ್ಟರಿನಲ್ಲಿ ಅಡ್ಡ ಮಲಗಿ ಬಂದ ಅದನ್ನು ನಾಲ್ಕೈದು ಗಂಡಸರು ಇಳಿಸಿ, ಹುಣಸೆಮರದ ಪಕ್ಕ ಹುಗಿದು ನಿಲ್ಲಿಸಿದರು. ಕೆಂಪು ಮೆಟ್ಟಿಲು, ಹಳದಿ ಇಳಿಜಾರು, ಎರಡೂ ಬದಿಗೆ ಶಾಸಕ ಆಬಾಸಾಹೇಬರ ಹೆಸರು. ಹೆಸರು ಎಷ್ಟು ದೊಡ್ಡದಾಗಿತ್ತೆಂದರೆ, ಅದನ್ನು ಬರೆಯಲು ಜಾಗ ಬೇಕೆಂದೇ ಜಾರುಬಂಡಿ ಮಾಡಿಸಿದಂತಿತ್ತು.

ಮಕ್ಕಳು ಓಡಿಬಂದರು. ಎಲ್ಲರಿಗಿಂತ ಮುಂದೆ ಮುಕ್ತಾ, ಅಂಗನವಾಡಿಯ ಸಹಾಯಕಿ ಹೌಸಾಬಾಯಿಯ ಮೊಮ್ಮಗಳು. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳಷ್ಟೇ, ಸರಪಂಚ ಜಾಲಿಂದರ ರಟ್ಟೆ ಹಿಡಿದು ಇಳಿಸಿದ.

"ಏ ಪೋರಿ, ಇಳಿ ಕೆಳಗ! ಇನ್ನಾ ಉದ್ಘಾಟನಿ ಆಗಿಲ್ಲ."

"ಅಂದ್ರ?"

"ಅಂದ್ರ ಆಬಾಸಾಹೇಬ್ರು ಬಂದು ಫೀತಿ ಕತ್ತರಸಬೇಕು, ಕಾಯಿ ಒಡೀಬೇಕು. ಅಲ್ಲೀತನಕ ಯಾರೂ ಮುಟ್ಟಂಗಿಲ್ಲ."

"ಮೊದಲ ಅವರು ಜಾರತಾರೇನು?"

ನೆರೆದಿದ್ದವರು ನಕ್ಕರು. ಜಾಲಿಂದರ ನಗಲಿಲ್ಲ.

ನಮ್ಮ ಕಡೆ ಉದ್ಘಾಟನೆಯಾಗದ ವಸ್ತು ತಾಳಿ ಕಟ್ಟದ ಮದುಮಗಳಿದ್ದಂತೆ. ಕಣ್ಣೆದುರಿಗಿದ್ದರೂ ಕೈ ಹಿಡಿಯುವಂತಿಲ್ಲ. ಬಸ್ಸಿಗೆ ಕಾಯುವವರಿಗೆಂದು ಕಟ್ಟಿಸಿದ ತಗಡಿನ ಮಾಡಿನ ಕೆಳಗೆ ನಿಲ್ಲದೆ, ಅದರ ಪಕ್ಕದಲ್ಲೇ ಒಂದು ಮಳೆಗಾಲವಿಡೀ ನೆನೆದವರು ನಾವು. ಆದ್ದರಿಂದ ಎಲ್ಲರೂ ತಂತಮ್ಮ ಮಕ್ಕಳ ಕೈಹಿಡಿದು ಹೊರಟರು. ಹೌಸಾಬಾಯಿ ಮೊಮ್ಮಗಳ ತಲೆ ಸವರಿ, "ದೀಪಾವಳಿಗೆ ಬರ್ತಾರಂತ ತಗೋ," ಎಂದಳು.

ದೀಪಾವಳಿಗೆ ಆಬಾಸಾಹೇಬರು ಬರಲಿಲ್ಲ. ಸಕ್ಕರೆ ಕಾರ್ಖಾನೆಯ ಹಂಗಾಮು ಶುರುವಾಗಿತ್ತು. ಸಂಕ್ರಾಂತಿಗೆ ಬರುವುದಿತ್ತು, ಅದೇ ದಿನ ಯಾರದೋ ಮನೆಯ ಮದುವೆ ನಿಶ್ಚಯ ಬಂತು. ಅಷ್ಟರಲ್ಲಿ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಿತ್ತು. ಪುಢಾರಿಗಳ ಹೆಸರು ಕಂಡಲ್ಲೆಲ್ಲ ಮುಚ್ಚಬೇಕೆಂದು ತಹಸೀಲಿಯಿಂದ ಜನ ಬಂದರು. ಬೋರ್ಡಿಗಾದರೆ ಕಾಗದ ಅಂಟಿಸಬಹುದು. ಜಾರುಬಂಡಿಯ ಮೈಯೆಲ್ಲ ಹೆಸರೇ. ಜಾಲಿಂದರ ತನ್ನ ಕಣದಿಂದ, ಮಳೆಗೆ ರಾಶಿ ಮುಚ್ಚುವ ನೀಲಿ ಪ್ಲಾಸ್ಟಿಕ್ ತಾಡಪತ್ರಿ ತರಿಸಿ, ಇಡಿಯ ಜಾರುಬಂಡಿಗೆ ಹೊದಿಸಿ, ಎತ್ತು ಕಟ್ಟುವ ಹಗ್ಗದಿಂದ ಬಿಗಿಸಿದ. ದೂರದಿಂದ ನೋಡಿದರೆ ಜ್ವರ ಬಂದ ಒಂಟೆಯೊಂದು ಕಂಬಳಿ ಹೊದ್ದು ನಿಂತಂತೆ ಕಾಣುತ್ತಿತ್ತು.

ಇಂಥ ಹೊತ್ತಿನಲ್ಲೇ ಮೇಲಿನಿಂದ ಸುತ್ತೋಲೆ ಬಂದದ್ದು. ಮಕ್ಕಳು ಕೂತಲ್ಲೇ ಕೂತು ಮಂಕಾಗುತ್ತಿದ್ದಾರೆ, ದಿನವೂ ಅವರನ್ನು ಓಡಿಸಬೇಕು, ಕುಣಿಸಬೇಕು, ಅದರ ಫೋಟೋ ಕಳಿಸಬೇಕು ಎಂದು ಅದರಲ್ಲಿತ್ತು. ಅಂಗನವಾಡಿ ನಡೆಸುವ ಶೇವಂತಾಬಾಯಿ ಅದನ್ನು ಓದಿ ತಲೆಯ ಮೇಲೆ ಕೈ ಹೊತ್ತಳು. ಜಾರುಬಂಡಿ ಬರುವ ಮೊದಲು ಮಕ್ಕಳು ಹೊತ್ತೇರಿದಾಗಿನಿಂದ ಹುಣಸೆಮರ ಸುತ್ತುತ್ತಿದ್ದರು, ಕಟ್ಟೆಯಿಂದ ಜಿಗಿಯುತ್ತಿದ್ದರು. ಅದಕ್ಕೊಂದು ಹೆಸರಿರಲಿಲ್ಲ, ಫೋಟೋ ಇರಲಿಲ್ಲ. ಈಗ ಅಂಗಳಕ್ಕೆ ಬಿಟ್ಟರೆ ನೆಟ್ಟಗೆ ತಾಡಪತ್ರಿಯ ಕೆಳಗೆ ನುಸುಳುತ್ತಾರೆ, ಹಗ್ಗ ಸಡಿಲಾಗಿ ಆಬಾಸಾಹೇಬರ ಅರ್ಧ ಹೆಸರು ಹೊರಗೆ ಇಣುಕುತ್ತದೆ.

"ಸಂಹಿತಾ ಮುರದ್ರ ನನ್ನ ತಲೀಮ್ಯಾಲ ಬರ್ತೈತಿ ಬಾಯಾರ," ಎಂದು ಜಾಲಿಂದರ ಹೇಳಿಹೋಗಿದ್ದ. "ಹುಡುಗರನ್ನ ಒಳಗ ಇಟ್ಕೋರಿ."

ಹೀಗಾಗಿ ಶೇವಂತಾಬಾಯಿ ಮಕ್ಕಳನ್ನು ಒಳಗೆ ಸಾಲಾಗಿ ಕೂರಿಸಿ ಓಡಿಸತೊಡಗಿದಳು.

"ಕೂತಲ್ಲೇ ಓಡ್ರಿ! ಕೈ ಆಡಸ್ರಿ! ಏ ಮುಕ್ತಾ, ಕುಂಡಿ ಎತ್ತಬ್ಯಾಡ!"

"ಕುಂಡಿ ಎತ್ತದ ಹೆಂಗ ಓಡೂದ್ರೀ ಬಾಯಾರ?"

"ನಿಮ್ಮ ಆಜಿಯಂಗ ಎದುರುಮಾತು ಕಲತಿ ನೋಡು."

ತಪಾಸಣೆಗೆ ಬಂದ ಮೇಲ್ವಿಚಾರಕಿ ಮೇಡಂಗೆ ಈ ಓಟ ಬಹಳ ಹಿಡಿಸಿತು. ಧೂಳಿಲ್ಲ, ಗದ್ದಲವಿಲ್ಲ, ಮೊಣಕಾಲು ತರಚಿದ ಒಂದು ಮಗುವಿಲ್ಲ. "ಎಲ್ಲಾ ಕಡೆ ಹಿಂಗ ಓಡಿದ್ರ ಎಷ್ಟ ಛಲೋ ಇರತಿತ್ತು," ಎಂದು ಫೋಟೋ ತೆಗೆದುಕೊಂಡು, ಹೆಸರುಕಾಳಿನ ಉಸಳು ತಿಂದು ಹೋದರು.

ಮುಕ್ತಾಳಿಗೆ ಒಂದೇ ಚಿಂತೆ. ಮಳೆಗಾಲ ಹಿಡಿದ ಕೂಡಲೇ ಅವಳ ಹೆಸರು ಊರಾಚೆಯ ಶಾಲೆಗೆ ಹೋಗುವುದಿತ್ತು. ದೊಡ್ಡ ಮಕ್ಕಳು ಜಾರುಬಂಡಿ ಹತ್ತಬಾರದೆಂದು ಜಾಲಿಂದರ ಮೊದಲೇ ಫಲಕ ಬರೆಸಿಟ್ಟಿದ್ದ.

"ಆಜೀ, ನಾ ಸಾಲಿಗಿ ಹೋಗೂದ್ರಾಗ ಒಮ್ಮಿಯಾರ ಜಾರತೀನಿ ಹೌದಿಲ್ಲೋ?"

"ಜಾರತಿ, ಜಾರತಿ. ರೊಟ್ಟಿ ತಿನ್ನು."

"ಆಣಿ ಮಾಡು."

ಹೌಸಾಬಾಯಿ ರೊಟ್ಟಿಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಆಮೇಲೆ ಆ ಆಣೆಯೇ ಅವಳನ್ನು ಕಾಡಿತು. ನಸುಕಿನಲ್ಲಿ ಅಂಗಳ ಗುಡಿಸುವಾಗ ಎಷ್ಟೋ ಸಲ ಹಗ್ಗದ ಗಂಟಿಗೆ ಕೈಹಾಕಿದ್ದಳು. ಗಂಟು ಬಿಚ್ಚುವುದೇನೂ ಕಷ್ಟವಿರಲಿಲ್ಲ. ಆದರೆ ಕಾಯಿ ಒಡೆಯದ ವಸ್ತುವಿನ ಮೇಲೆ ಮಗುವನ್ನು ಹತ್ತಿಸಿ ನಾಳೆ ಏನಾದರೂ ಆದರೆ? ಕೈ ಹಿಂದಕ್ಕೆ ಬರುತ್ತಿತ್ತು.

ಚುನಾವಣೆ ಮುಗಿಯಿತು. ಆಬಾಸಾಹೇಬರೇ ಗೆದ್ದರು, ಹೆಸರು ಒರೆಸುವ ಪ್ರಸಂಗ ಬರಲಿಲ್ಲ. ಶಾಲೆ ತೆರೆಯುವ ಹಿಂದಿನ ದಿನ ಕಡೆಗೂ ಉದ್ಘಾಟನೆ ಗೊತ್ತಾಯಿತು.

ಬೆಳಿಗ್ಗೆಯೇ ಪೆಂಡಾಲು ಎದ್ದಿತು. ಮಕ್ಕಳಿಗೆಲ್ಲ ಎಣ್ಣೆ ಹಚ್ಚಿ ತಲೆ ಬಾಚಿ, ಮುಂದಿನ ಸಾಲಿನ ಜಮಖಾನೆಯ ಮೇಲೆ ಕೂರಿಸಿದರು. ಜಾಲಿಂದರ ಹಗ್ಗ ಬಿಚ್ಚಿಸಿ, ತಾಡಪತ್ರಿ ಎಳೆದು ಹೌಸಾಬಾಯಿಯ ಮೈಮೇಲೆ ಒಗೆದ.

"ಹಿಂದ ಒಯ್ದು ಇಡು ಹೌಸಾಕ್ಕಾ. ಫೋಟೋದಾಗ ಬರಬಾರದು."

ಆಬಾಸಾಹೇಬರು ಬಂದರು. ಫೀತಿ ಕತ್ತರಿಸಿದರು, ಕಾಯಿ ಒಡೆದರು. ಮುಕ್ತಾ ಎದ್ದು ನಿಂತೇಬಿಟ್ಟಳು. ಜಾಲಿಂದರ ಕಣ್ಣು ಬಿಟ್ಟು ಕೂರಿಸಿದ.

"ಇನ್ನಾ ಭಾಷಣ ಐತಿ. ಆಮ್ಯಾಲ ಸತ್ಕಾರ, ಆಮ್ಯಾಲ ಊಟ. ಜಾರೂದು ನಾಳಿಂದ."

"ನಾಳಿ ನಾ ಇಲ್ಲಿ ಇರೂದಿಲ್ಲ!"

"ಇದ್ದವರು ಜಾರತಾರ. ಕೂಡು."

ಭಾಷಣ ಶುರುವಾಯಿತು. ಓಡುವ ಮಗುವೇ ನಾಡಿನ ಬಲ ಎಂದು ಆಬಾಸಾಹೇಬರು ಮೇಜು ಗುದ್ದಿದರು. ಓಡಲು ಹೊರಟ ಎರಡು ಮಕ್ಕಳನ್ನು ಶೇವಂತಾಬಾಯಿ ಅಂಗಿ ಹಿಡಿದು ಎಳೆದು ಕೂರಿಸಿದಳು. ಮುಂದೆ ಅವಳು ಆರತಿ ತಟ್ಟೆ ನೋಡಲು ಎದ್ದಾಗ, ಮುಕ್ತಾ ಪೆಂಡಾಲಿನ ಬಟ್ಟೆಯ ಕೆಳಗಿಂದ ಹೊರಬಿದ್ದಳು.

ಕಟ್ಟಡದ ಹಿಂದೆ ಹೌಸಾಬಾಯಿ ತಾಡಪತ್ರಿ ಮಡಚುತ್ತಿದ್ದಳು. ಅಲ್ಲಿಂದ ನಾಲ್ಕು ಹೆಜ್ಜೆಗೆ ಕೆರೆಯ ಏರಿ, ಒಣಹುಲ್ಲು ಹಾಸಿದ ಇಳಿಜಾರು. ಮುಕ್ತಾಳ ಕಣ್ಣು ತುಂಬಿತ್ತು. ಅವಳು ಅಜ್ಜಿಯ ಮುಖ ನೋಡಲಿಲ್ಲ. ತಾಡಪತ್ರಿಯ ಅಂಚನ್ನೇ ಬೆರಳಿನಿಂದ ಸವರಿದಳು.

"ಆಜೀ, ಇದರ ಉದ್ಘಾಟನಿ ಆಗೈತೇನು?"

"ತಾಡಪತ್ರಿಗಿ ಯಾರ ಮಾಡ್ತಾರ ಉದ್ಘಾಟನಿ, ಹುಚ್ಚಿ!"

"ಹಂಗಾರ ಇದನ್ನ ಮುಟ್ಟಬೌದು?"

ಹೌಸಾಬಾಯಿ ಮಡಚುವುದನ್ನು ನಿಲ್ಲಿಸಿದಳು. ಮೈಕಿನಲ್ಲಿ ನಾಡಿನ ಬಲದ ಮಾತು ಇನ್ನೂ ನಡೆದಿತ್ತು. ಆಮೇಲೆ ಅವಳು ತಾಡಪತ್ರಿಯನ್ನು ಕೈಬಿಟ್ಟು, ಸೀರೆಯ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅತ್ತ ತಿರುಗಿ ನಿಂತಳು.

ಸತ್ಕಾರದ ಶಾಲು ಹೊದಿಸಿದ ಮೇಲೆ, ಮಕ್ಕಳೊಂದಿಗೆ ಒಂದು ಫೋಟೋ ಆಗಲಿ ಎಂದರು ಆಬಾಸಾಹೇಬರು. ಎಲ್ಲರೂ ಜಮಖಾನೆಯತ್ತ ನೋಡಿದರು. ಜಮಖಾನೆ ಖಾಲಿ. ಒಂದು ಚಪ್ಪಲಿ ಬಿದ್ದಿತ್ತು. ಕಡೆಗೆ ಜಾಲಿಂದರನೇ ಮೆಟ್ಟಿಲ ಪಕ್ಕ ಕೈ ಮುಗಿದು ನಿಂತ, ಫೋಟೋ ಆಯಿತು.

ಕಾರುಗಳು ಹೊರಟಾಗ ಪಡುವಣದಲ್ಲಿ ಮೋಡ ಕಟ್ಟಿತ್ತು. ಜಾಲಿಂದರನಿಗೆ ಗಾಬರಿ.

"ಹೌಸಾಕ್ಕಾ, ತಾಡಪತ್ರಿ ತಾ ಲಗೂನ! ಮಳಿಗಿ ಸಾಹೇಬ್ರ ಹೆಸರು ತೊಳದು ಹೋದೀತು. ಅಲ್ದ ಪಂಚಾಯ್ತಿ ಚುನಾವಣಿ ಬಂತು, ಮತ್ತ ಮುಚ್ಚೂದ ಐತಿ."

"ಅದು ಖಾಲಿ ಇಲ್ಲೋ ಜಾಲಿಂದರಾ."

"ಖಾಲಿ ಇಲ್ಲ ಅಂದ್ರ?"

ಹೌಸಾಬಾಯಿ ಏರಿಯ ಕಡೆ ಗದ್ದ ಎತ್ತಿ ತೋರಿಸಿದಳು. ನೀಲಿ ತಾಡಪತ್ರಿಯ ಮೇಲೆ ಒಬ್ಬರ ಸೊಂಟ ಒಬ್ಬರು ಹಿಡಿದ ಮಕ್ಕಳ ಸಾಲು ಕೂಗುತ್ತ ಕೆಳಗಿಳಿಯುತ್ತಿತ್ತು. ಎಲ್ಲರಿಗಿಂತ ಮುಂದೆ ಮುಕ್ತಾ. ಹೊಸ ಲಂಗದ ಹಿಂಭಾಗ ಹರಿದುಹೋಗಿತ್ತು, ಎಣ್ಣೆ ಹಚ್ಚಿದ ತಲೆಯ ತುಂಬ ಹುಲ್ಲು.

ಕೆಳಗೆ ಬಿದ್ದವಳೇ ಎದ್ದು, ತಾಡಪತ್ರಿಯ ತುದಿ ಹೆಗಲಿಗೆ ಹಾಕಿಕೊಂಡು ಮತ್ತೆ ಏರಿ ಹತ್ತತೊಡಗಿದಳು.