ಶನಿವಾರದ ಉದ್ದ ಓಟ

ಶನಿವಾರ ಬೆಳಕು ಹರಿಯುವಷ್ಟರಲ್ಲಿ ಇಟೆನ್ ಊರಿನ ಓಟಗಾರರೆಲ್ಲ ಮೊಯಿಬೆನ್ ರಸ್ತೆಯ ಕೆಂಪು ಮಣ್ಣಿನ ಮೇಲಿರುತ್ತಾರೆ. ಮೂವತ್ತೆಂಟು ಕಿಲೋಮೀಟರ್ ಮುಗಿಸದೆ ಯಾರೂ ಮನೆಗೆ ಬರುವುದಿಲ್ಲ. ಆ ವರ್ಷ ಜೆಮೆಲಿ ಮಾತ್ರ ಅಡುಗೆಮನೆಯ ಒಲೆಯ ಮುಂದೆ ಕೂತು, ಹಿಮ್ಮಡಿಯ ನರಕ್ಕೆ ಬಿಸಿ ಬಟ್ಟೆಯ ಶಾಖ ಕೊಟ್ಟುಕೊಳ್ಳುತ್ತಿದ್ದಳು.

ಅರ್ಧ ಮ್ಯಾರಥಾನ್‌ಗಳಲ್ಲಿ ಅವಳು ಹೆಸರು ಮಾಡಿದ್ದಳು. ಪೂರ್ತಿ ಮ್ಯಾರಥಾನ್ ಒಂದನ್ನೂ ಓಡಿರಲಿಲ್ಲ. ವಯಸ್ಸು ಮೂವತ್ತೈದು ದಾಟಿತ್ತು. ಎಲ್ಡೊರೆಟ್ ಪಟ್ಟಣದ ಮ್ಯಾರಥಾನ್‌ನಲ್ಲಿ ಮುಂದೆ ಬಂದರೆ ಹೊರದೇಶದ ಓಟಗಳಿಗೆ ಕರೆ ಬರುತ್ತದೆ, ಬರದಿದ್ದರೆ ಇನ್ನು ಯಾರೂ ಕರೆಯುವುದಿಲ್ಲ. ಇದು ಅವಳಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಕೋಚ್ ಚೆಮ್ವೆನೊ ಮನೆಗೇ ಬಂದು ಬೈದ. "ಏನವ್ವಾ, ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಓಡಿದ್ರೆ ಮ್ಯಾರಥಾನ್ ಆಗುತ್ತಾ? ಮೂವತ್ತು ಕಿಲೋಮೀಟರ್ ದಾಟಿದ್ಮೇಲೆ ಏನಾಗುತ್ತೆ ಅಂತ ನಿನ್ ಕಾಲಿಗೆ ಗೊತ್ತಿರಬೇಕು. ಮೊದಲೇ ತೋರಿಸದೆ ಇದ್ರೆ ಅದು ಹೆದರಿಕೊಳ್ಳುತ್ತೆ."

"ನನ್ ಕಾಲಿಗೆ ಎಲ್ಲಾ ತೋರಿಸಿದ್ರಲ್ಲ ಕೋಚ್, ನೋಡಿ ಹೆಂಗಿದೆ," ಎಂದ ಅವಳ ಗಂಡ ಯಾತೊರ್. ಒಂದು ಕಾಲದಲ್ಲಿ ಅವನು ಚೆಮ್ವೆನೊನ ಶಿಬಿರದಲ್ಲೇ ಎಲ್ಲರಿಗಿಂತ ಮುಂದೆ ಓಡುತ್ತಿದ್ದವನು. ಒಂದು ಶನಿವಾರವನ್ನೂ ತಪ್ಪಿಸಿರಲಿಲ್ಲ. ಮೊದಲ ದೊಡ್ಡ ಓಟಕ್ಕೆ ಇನ್ನೇನು ಹೊರಡಬೇಕು ಎನ್ನುವಾಗ ಮಂಡಿ ಕೈಕೊಟ್ಟಿತು. ಈಗ ಹಸುಗಳ ಹಿಂದೆ ಕುಂಟುತ್ತ ನಡೆಯುತ್ತಾನೆ.

"ನಿನ್ ಮಂಡಿ ಹೋಗಿದ್ದು ನನ್ನಿಂದಲ್ಲ. ಹೊಲಿಗೆ ಬಿಟ್ಟಿದ್ದ ಶೂ ಹಾಕ್ಕೊಂಡು ಓಡಿದ್ಯಲ್ಲ, ಅದ್ರಿಂದ."

"ಹೌದೌದು, ತಪ್ಪೆಲ್ಲ ಶೂದು. ನೀವು ದೇವರು."

ಇಬ್ಬರೂ ಎದ್ದು ನಿಂತು ಕೂಗಾಡಿದರು. ಚಹಾ ಆರಿಹೋಯಿತು. ಕೊನೆಗೆ ಜೆಮೆಲಿ, ಚಿಕ್ಕ ಓಟವೇ ಸಾಕು ಎಂಬ ಗಂಡನ ಮಾತನ್ನೇ ಹಿಡಿದಳು. ಹಿಮ್ಮಡಿ ನೋವು ಅವಳದಾಗಿತ್ತು, ಕೋಚ್‌ನದಲ್ಲ. ದಿನಕ್ಕೆರಡು ಸಲ ಚಿಕ್ಕ ಓಟ, ನಡುವೆ ನಿದ್ದೆ, ಸಂಜೆ ಗುಡ್ಡ ಹತ್ತುವುದು. ವಾರದ ಲೆಕ್ಕ ಉಳಿದವರಷ್ಟೇ ಆಗುತ್ತಿತ್ತು. ನೋವೂ ತಗ್ಗಿತು. ಅವಳಲ್ಲಿ ಆಸೆ ಚಿಗುರಿತು.

ಎಲ್ಡೊರೆಟ್ಟಿನ ಓಟದ ದಿನ ಅವಳು ಮುಂದಿನ ನಾಲ್ವರಲ್ಲಿ ಒಬ್ಬಳಾಗಿದ್ದಳು. ಉಸಿರು ಹಗುರವಾಗಿತ್ತು, ಹಿಮ್ಮಡಿ ಇದೆಯೆಂಬುದೇ ಮರೆತುಹೋಗಿತ್ತು. ಮೂವತ್ತು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ತೊಡೆಗಳು ಮಾತು ಕೇಳುವುದನ್ನು ಬಿಟ್ಟವು. ನೋವೇನೂ ಇರಲಿಲ್ಲ. ಬೇರೆ ಯಾರದೋ ಕಾಲುಗಳನ್ನು ತನಗೆ ಕಟ್ಟಿಬಿಟ್ಟಂತೆ ಅನಿಸಿತು. ಮೂವರೂ ಮುಂದೆ ಹೋದರು. ಅವರ ಹಿಂದಿನವರೂ ಹೋದರು. ಅವಳ ಓಟ ನಡಿಗೆಯಾಯಿತು.

ನೀರಿನ ಬಾಟಲಿ ಹಿಡಿದು ಕಾಯುತ್ತಿದ್ದ ಯಾತೊರ್ ಅವಳನ್ನು ಕಂಡು ರಸ್ತೆಯಂಚಿನಲ್ಲೇ ಕುಂಟುತ್ತ ಜೊತೆಗೆ ನಡೆದ.

"ಸಾಕು ಅಂದಿದ್ಯಲ್ಲ," ಎಂದಳು ಅವಳು. "ಚಿಕ್ಕ ಓಟನೇ ಸಾಕು ಅಂದಿದ್ಯಲ್ಲ ನೀನು."

"ನಂಗೇನು ಗೊತ್ತಿತ್ತು, ಜೆಮೆಲಿ? ನಿನ್ ಕಾಲಾದ್ರೂ ಉಳೀಲಿ ಅಂದ್ಕೊಂಡೆ."

"ಗೊತ್ತಿಲ್ದೆ ಹೇಳಿದ್ಯಾ?"

ಅವನು ಬಾಟಲಿ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

ಮನೆಯಲ್ಲಿ ಕೆಲವು ದಿನ ಅವಳು ಉಗಾಲಿ ಮುದ್ದೆಯನ್ನು ಗಂಡನ ಮುಂದಿಟ್ಟು, ತಾನು ಒಲೆಯ ಬಳಿ ಹೋಗಿ ಉಂಡಳು. ಆಮೇಲೆ ಅವಳೇ ಚೆಮ್ವೆನೊನ ಬಾಗಿಲಿಗೆ ಹೋದಳು. "ಇನ್ನೊಂದು ಸಲ ಸೇರಿಸ್ಕೊಳ್ಳಿ ಕೋಚ್. ನೀವು ಹೇಳಿದಷ್ಟು ದೂರ ಓಡ್ತೀನಿ."

ಅವನು ಅವಳ ಕಾಲನ್ನು ದಿಟ್ಟಿಸಿ ನೋಡಿದ. "ಬಾ," ಎಂದ. ಹೀಯಾಳಿಸಬಹುದಿತ್ತು, ಹೀಯಾಳಿಸಲಿಲ್ಲ.

ಶನಿವಾರಗಳು ಮತ್ತೆ ಶುರುವಾದವು. ಮೊದಲ ಸಲ ಹಿಮ್ಮಡಿ ಊದಿತು. ಎರಡನೆಯ ಸಲ ಅವಳು ಅದನ್ನು ಯಾರಿಗೂ ತೋರಿಸಲಿಲ್ಲ. ಮೂರನೆಯ ಸಲ ಇಳಿಜಾರಿನಲ್ಲಿ ಗುಂಪಿನ ನಡುವೆ ಓಡುತ್ತಿದ್ದಾಗ ಯಾರೋ ಹಿಂದಿನಿಂದ ಹಿಮ್ಮಡಿಗೆ ಜಾಡಿಸಿ ಒದ್ದಂತಾಗಿ ಮುಗ್ಗರಿಸಿ ಬಿದ್ದಳು.

"ಯಾಕೆ ಒದ್ದೆ?" ಎಂದು ಹಿಂದಿದ್ದ ಹುಡುಗಿಯ ಮೇಲೆ ರೇಗಿದಳು.

ಹುಡುಗಿ ಬೆದರಿ ನಿಂತಳು. "ನಾನು ಮುಟ್ಟೇ ಇಲ್ಲ ಅಕ್ಕಾ. ಇಷ್ಟು ದೂರದಲ್ಲಿದ್ದೆ."

ಜೆಮೆಲಿ ಏಳಲು ನೋಡಿದಳು. ಪಾದ ಕಾಲಿನ ತುದಿಯಲ್ಲಿ ಸುಮ್ಮನೆ ಜೋಲಾಡಿತು. ಹಿಮ್ಮಡಿಯ ಮೇಲೆ ಕೈಯಾಡಿಸಿದರೆ ನರವಿರಬೇಕಾದ ಜಾಗದಲ್ಲಿ ಬೆರಳು ಒಳಗೆ ಹೋಯಿತು. ಅವಳು ಅಳಲಿಲ್ಲ. ಮುಂದಕ್ಕೆ ಹೋದ ಗುಂಪಿನ ಧೂಳು ನಿಧಾನವಾಗಿ ಅವಳ ಮೇಲೆ ಇಳಿಯಿತು.

ಆಸ್ಪತ್ರೆಯಲ್ಲಿ ಹರಿದ ನರಕ್ಕೆ ಹೊಲಿಗೆ ಹಾಕಿ ಪ್ಲಾಸ್ಟರ್ ಕಟ್ಟಿದರು. ನಡೆಯಲು ತೊಂದರೆಯಿಲ್ಲ ಎಂದರು. ಓಟದ ಬಗ್ಗೆ ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವಳು ಮನೆಗೆ ಬಂದ ದಿನ ಚೆಮ್ವೆನೊ ನೋಡಲು ಬಂದ. ಯಾತೊರ್ ಅವನಿಗೆ ಕುರ್ಚಿ ಹಾಕಿ, ಹಾಲು ಹೆಚ್ಚಾಗಿ ಹಾಕಿದ ಚಹಾ ಕೊಟ್ಟ. ಹಾಸಿಗೆಯಲ್ಲಿ ಒರಗಿದ್ದ ಜೆಮೆಲಿ ಕಾದಳು. ಈಗ ಗಂಡ, ನಾನು ಹೇಳಿರಲಿಲ್ಲವಾ ಎನ್ನುತ್ತಾನೆ. ಕೋಚ್, ಮೊದಲೇ ಓಡಿದ್ದರೆ ನರ ಗಟ್ಟಿಯಾಗಿರುತ್ತಿತ್ತು ಎನ್ನುತ್ತಾನೆ. ಇಬ್ಬರೂ ಮತ್ತೆ ಎದ್ದು ನಿಂತು ಕೂಗಾಡುತ್ತಾರೆ.

"ಹಸು ಈದಿದೆಯಂತೆ?" ಎಂದ ಚೆಮ್ವೆನೊ.

"ಹೂಂ. ಹೆಣ್ಣು ಕರು."

"ಒಳ್ಳೇದಾಯ್ತು ಬಿಡು."

ಆಮೇಲೆ ಮೇವಿನ ಮಾತು ಬಂತು, ಈ ಸಲ ಜೋಳ ತಡವಾಗಿ ತೆನೆಗಟ್ಟಿದ ಮಾತು ಬಂತು. ಜೆಮೆಲಿ ಗೋಡೆಯ ಕಡೆ ಹೊರಳಿದಳು. ಅವಳ ಕಾಲಿನ ವಿಷಯಕ್ಕೆ ಇನ್ನು ಯಾರೂ ಜಗಳವಾಡುವುದಿಲ್ಲ.